ಕೊನೇ ಪುಟದ ಪಾಳಿ

ಅರವತ್ತರ ದಶಕದ ಮೊದಲಲ್ಲಿ ನಾನು ಅರಕಲಗೂಡಿನ ಮಿಡ್ಲ್ ಸ್ಕೂಲಿಗೆ ಟೀಚರಾಗಿ ಹೋದಾಗ, ಅಲ್ಲಿನ ಬೀರುವಿನಲ್ಲಿದ್ದ ಪುಸ್ತಕಗಳನ್ನು ಮಕ್ಕಳಿಗಿಂತ ಜಿರಲೆಗಳೇ ಹೆಚ್ಚು ಓದಿದ್ದವು. ಜಿರಲೆಗಳನ್ನು ದೂರುವ ಹಾಗಿಲ್ಲ, ಅವಕ್ಕೆ ಬೇರೆ ದಾರಿ ಇರಲಿಲ್ಲ. ಮಕ್ಕಳಿಗೆ ಇತ್ತು. ಅವರು ಗೋಲಿ ಆಡುತ್ತಿದ್ದರು.

ಬೀರುವಿನಲ್ಲಿ ಇದ್ದದ್ದೆಲ್ಲ ಒಂದೇ ಜಾತಿಯ ಪುಸ್ತಕ. ಒಬ್ಬ ಹುಡುಗ ಸುಳ್ಳು ಹೇಳುತ್ತಾನೆ, ಮೂರನೇ ಪುಟದಲ್ಲಿ ಅವನಿಗೆ ಜ್ವರ ಬರುತ್ತದೆ, ನಾಲ್ಕನೇ ಪುಟದಲ್ಲಿ ಬುದ್ಧಿ ಬರುತ್ತದೆ. ನನ್ನ ಆರನೇ ಕ್ಲಾಸಿನ ಮಕ್ಕಳು ದಿನಾ ಸುಳ್ಳು ಹೇಳಿ, ಒಂದು ದಿನವೂ ಜ್ವರ ಬಾರದೆ, ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದವರು. ಅಂಥವರು ಆ ಪುಸ್ತಕವನ್ನು ನಂಬುತ್ತಾರೆಯೇ? ಅಕ್ಷರ ಕೂಡಿಸಿ ಓದುವ ಕಷ್ಟ ಮುಗಿದು, ದೊಡ್ಡವರ ಕಾದಂಬರಿಗೆ ಇನ್ನೂ ಕೈ ಹಾಕದ ವಯಸ್ಸು ಅದು. ಆ ವಯಸ್ಸಿಗೆ ನಾಲ್ಕು ಪುಟದ ಕಥೆ ಸಾಲದು. ಅಧ್ಯಾಯದ ಮೇಲೆ ಅಧ್ಯಾಯ ಬರಬೇಕು, ಒಂದು ಮುಗಿದಾಗ ಇನ್ನೊಂದಕ್ಕೆ ಜೀವ ಚಡಪಡಿಸಬೇಕು. ಇದನ್ನು ನಾನು ಹೆಡ್‌ಮೇಷ್ಟ್ರಿಗೆ ಬೇಸರವಾಗುವಷ್ಟು ಸಲ ಹೇಳಿದೆ.

ಹೆಡ್‌ಮೇಷ್ಟ್ರು ಬಹಳ ಒಳ್ಳೆಯವರು, ಅಂದರೆ ಯಾರಿಗೂ ಇಲ್ಲ ಎನ್ನದವರು. "ನೋಡಮ್ಮ, ನೀನೇ ಹೋಗಿ ಆರಿಸ್ಕೊಂಡು ಬಾ. ಆದ್ರೆ ಶೇಕದಾರ್ರು ಒಪ್ಪಬೇಕು. ಅವ್ರು ಬೇಡ ಅಂದ್ರೆ ಪುಸ್ತಕ ವಾಪಸ್ಸು. ನನ್ನ ಮಧ್ಯಕ್ಕೆ ಎಳೀಬೇಡ," ಎಂದರು. ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ಹೀಗೆ ನನ್ನ ಪಾಲಿಗೆ ಬಂತು.

ಶೇಕದಾರರು ಸ್ಕೂಲ್ ಕಮಿಟಿಯ ಅಧ್ಯಕ್ಷರು. ರೆವಿನ್ಯೂ ಇಲಾಖೆಯಲ್ಲಿದ್ದು ರಿಟೈರಾದವರು. ಕರೀ ಕೋಟು, ರುಮಾಲು, ಕೈಯಲ್ಲೊಂದು ಬೆತ್ತ. ಚನ್ನರಾಯಪಟ್ಟಣದ ಕಡೆ ಕೆಲಸದಲ್ಲಿದ್ದಾಗ ಕೆರೆ ನೀರಿನ ಪಾಳಿಯ ಜಗಳ ತೀರಿಸುವುದರಲ್ಲಿ ಅವರು ಹೆಸರುವಾಸಿ. ಕೆರೆ ಕೆಳಗಿನ ಗದ್ದೆಗಳಿಗೆ ನೀರು ಒಬ್ಬರಾದ ಮೇಲೆ ಒಬ್ಬರಿಗೆ ಹೋಗಬೇಕು. ಅದೇ ಪಾಳಿ. ನೀರು ಬಿಡುವವನು ನೀರುಗಂಟಿ. ತನ್ನ ಸರದಿ ಬರುವ ಮೊದಲೇ ಯಾರಾದರೂ ಬದು ಕಡಿದು ನೀರು ತಿರುಗಿಸಿಕೊಂಡರೆ ತಲೆಗಳು ಒಡೆಯುತ್ತಿದ್ದ ಕಾಲ. ಶೇಕದಾರರು ಒಮ್ಮೆ ಪಾಳಿ ಮುರಿದ ಸ್ವಂತ ಬಾಮೈದನನ್ನೇ ಊರ ಮುಂದೆ ನಿಲ್ಲಿಸಿ ದಂಡ ಹಾಕಿದ್ದರಂತೆ. ಅವರ ಹೆಂಡತಿ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರು ಎಂದು ಊರಿನವರು ಹೇಳುತ್ತಿದ್ದರು.

ಪುಸ್ತಕ ನೋಡುವುದರಲ್ಲೂ ಅವರದೊಂದು ಪದ್ಧತಿ ಇತ್ತು. ಪುಸ್ತಕ ಕೈಗೆ ಬಂದ ಕೂಡಲೇ ಕೊನೇ ಪುಟ ತೆಗೆಯುತ್ತಿದ್ದರು. ಅಲ್ಲಿ ನೀತಿ ಇದ್ದರೆ ಪುಸ್ತಕ ಒಳಗೆ, ಇಲ್ಲದಿದ್ದರೆ ಹೊರಗೆ. ಮೊದಲ ಪುಟ, ನಡುವಿನ ಪುಟ ಅವರಿಗೆ ಬೇಕಿರಲಿಲ್ಲ.

ಹಾಸನದ ಬಸ್ ಸ್ಟ್ಯಾಂಡಿನ ಹತ್ತಿರದ ಪುಸ್ತಕದಂಗಡಿಯಲ್ಲಿ ನಾನು ಒಂದು ಹಗಲು ಪೂರ್ತಿ ಸ್ಟೂಲಿನ ಮೇಲೆ ಕೂತೆ. ಅಂಗಡಿಯವರು ಮೊದಲು ನೀತಿಕಥೆಗಳನ್ನು ತಂದರು, ಆಮೇಲೆ ದಪ್ಪ ಅಕ್ಷರದ ನೀತಿಕಥೆಗಳನ್ನು ತಂದರು. "ಮಕ್ಕಳಿಗೆ ಇವೇ ಹೋಗೋದು ಮೇಡಂ," ಎಂದರು. "ಮಕ್ಕಳು ಬಂದು ತಗೊಳ್ತಾರಾ?" ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಇಲ್ಲ, ಅಪ್ಪಂದಿರು," ಎಂದು ಒಪ್ಪಿಕೊಂಡರು. ಆಮೇಲೆ ಅವರೇ ಅಟ್ಟದ ಮೇಲಿಂದ ಧೂಳು ಹಿಡಿದ ಒಂದು ಕಟ್ಟು ಇಳಿಸಿದರು.

ನನ್ನ ಪರೀಕ್ಷೆಗಳೂ ಕಡಿಮೆಯವಲ್ಲ. ಮೊದಲ ಸಾಲಿನಲ್ಲೇ ಸೂರ್ಯ ಹುಟ್ಟಿದರೆ ಪುಸ್ತಕ ಕೆಳಗೆ. ಮಕ್ಕಳಿಗಿಂತ ಅವರ ಚಿಕ್ಕಪ್ಪನೇ ಹೆಚ್ಚು ಮಾತಾಡಿದರೂ ಕೆಳಗೆ. ಎರಡನೇ ಪುಟದೊಳಗೆ ಏನಾದರೂ ಕಳೆದುಹೋಗಬೇಕು, ಮುರಿಯಬೇಕು, ಇಲ್ಲವೇ ಯಾರಾದರೂ ಹೇಳದೆ ಕೇಳದೆ ಮನೆ ಬಿಟ್ಟು ಹೋಗಬೇಕು. ಹೀಗೆ ಜರಡಿ ಹಿಡಿದು ಉಳಿದವನ್ನು ಒಂದು ಟ್ರಂಕಿಗೆ ತುಂಬಿದೆ. ಕಮಿಟಿ ಒಪ್ಪದಿದ್ದರೆ ಟ್ರಂಕು ಹಾಗೇ ಹಿಂದಕ್ಕೆ ಬರಬೇಕು ಎಂದು ಮಾತಾಯಿತು. ನನ್ನ ಸ್ವಂತಕ್ಕೂ ಒಂದು ಪುಸ್ತಕ ಕೊಂಡೆ.

ಕೊನೆಯ ಪರೀಕ್ಷೆ ನಡೆದದ್ದು ಅರಕಲಗೂಡಿನಲ್ಲಿ, ನಾನಿದ್ದ ಸೋದರತ್ತೆಯ ಅಡಿಗೆಮನೆಯಲ್ಲಿ. ಬೆಳಿಗ್ಗೆ ಹಾಲು ಕಾಯಿಸುವ ಕೆಲಸ ನನ್ನದು. ಒಲೆಯ ಮೇಲೆ ಹಾಲಿಟ್ಟು ಪುಸ್ತಕ ಹಿಡಿದು ಕೂರುತ್ತಿದ್ದೆ. ಉಕ್ಕುವ ಮೊದಲೇ ನೆನಪಾಗಿ ಇಳಿಸಿದರೆ ಪುಸ್ತಕ ಫೇಲು, ಉಕ್ಕಿ ಒಲೆ ಆರಿದರೆ ಪಾಸು. ಇದಕ್ಕಿಂತ ಹೆಚ್ಚು ನಂಬಬಹುದಾದ ಪರೀಕ್ಷೆಯನ್ನು ನಾನು ಆಮೇಲೂ ಕಂಡಿಲ್ಲ. ನಾನು ಸ್ವಂತಕ್ಕೆ ಕೊಂಡ ಪುಸ್ತಕಕ್ಕೆ ಹಾಲು ಉಕ್ಕಿದ್ದಷ್ಟೇ ಅಲ್ಲ, ತಳ ಹಿಡಿದು ಹೊಗೆ ಎದ್ದು ಅತ್ತೆ ಹಿತ್ತಲಿಂದ ಓಡಿ ಬಂದರು.

"ಇವತ್ತೂ ಉಕ್ಕಿಸ್ದ್ಯಾ? ನಿನ್ನ ಸ್ಕೂಲಿನ ಮಕ್ಕಳು ಉದ್ಧಾರ ಆಗೋಷ್ಟ್ರಲ್ಲಿ ನನ್ನ ಮನೇಲಿ ಮಜ್ಜಿಗೆಗೂ ಗತಿ ಇರಲ್ಲ," ಎಂದರು.

ಆ ಕಥೆಯಲ್ಲಿ ಒಬ್ಬ ಅಕ್ಕ, ಒಬ್ಬ ತಮ್ಮ. ಹೊಳೆಯ ನಡುಗಡ್ಡೆಯಲ್ಲಿ ಯಾರೂ ಇಲ್ಲ ಎಂದು ಊರೆಲ್ಲ ಹೇಳುತ್ತದೆ, ಆದರೆ ಸಂಜೆಯಾದರೆ ಅಲ್ಲಿ ಒಂದು ದೀಪ ಕಾಣುತ್ತದೆ. ದೀಪ ಹಚ್ಚುವವರು ಯಾರು ಎಂದು ನೋಡಲು ಇಬ್ಬರೂ ಹಳೇ ಹರಿಗೋಲು ಹತ್ತಿ ಹೊರಡುತ್ತಾರೆ. ಒಂದು ಮಧ್ಯಾಹ್ನ ಕೊನೇ ಪಿರಿಯಡ್ಡಿನಲ್ಲಿ ಇದರ ಮೊದಲ ಅಧ್ಯಾಯವನ್ನು ಆರನೇ ಕ್ಲಾಸಿಗೆ ಗಟ್ಟಿಯಾಗಿ ಓದಿ ಪುಸ್ತಕ ಮುಚ್ಚಿದೆ. ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಗಂಟೆ ಹೊಡೆದ ಜವಾನ ಒಳಗೆ ಇಣುಕಿ, ಏನಾಯಿತೋ ಎಂದು ಗಾಬರಿಯಾದ.

ಇದ್ದದ್ದು ಒಂದೇ ಪ್ರತಿ, ಕ್ಲಾಸಿನ ತುಂಬ ಮಕ್ಕಳು. ಒಬ್ಬೊಬ್ಬರಿಗೆ ಇಡೀ ಪುಸ್ತಕ ಕೊಟ್ಟರೆ ಕೊನೆಯವರ ಕೈಗೆ ಬರುವಷ್ಟರಲ್ಲಿ ಅವರಿಗೆ ಮೀಸೆ ಬಂದಿರುತ್ತದೆ. ಹಾಗಾಗಿ ಅತ್ತೆಯ ದಬ್ಬಳ ತಂದು ಪುಸ್ತಕದ ಹೊಲಿಗೆ ಬಿಚ್ಚಿದೆ. ಒಂದೊಂದು ಅಧ್ಯಾಯವನ್ನೂ ಬೇರೆ ಮಾಡಿ, ಹಳೇ ಕ್ಯಾಲೆಂಡರಿನ ರಟ್ಟು ಹಾಕಿ, ಮೈದಾ ಅಂಟು ಮೆತ್ತಿ ಹೊಲಿದೆ. ಕೆಲವು ಅಧ್ಯಾಯಗಳು ಹಿಂದಿನ ಅಧ್ಯಾಯದ ಕೊನೇ ಹಾಳೆಯ ಬೆನ್ನಿಗೇ ಶುರುವಾಗಿದ್ದವು. ಅಂಥ ಪುಟಗಳನ್ನು ಕೈಯಲ್ಲಿ ಬರೆದು ಮುಂದಿನದಕ್ಕೆ ಸೇರಿಸಿದೆ, ಹಿಂದಿನದರಲ್ಲಿ ಕಾಣದ ಹಾಗೆ ಕಾಗದ ಅಂಟಿಸಿದೆ. ಆ ಕಾಗದವನ್ನು ಎಷ್ಟು ಮಕ್ಕಳು ಬಿಸಿಲಿಗೆ ಹಿಡಿದು ನೋಡಿದರೋ ದೇವರಿಗೇ ಗೊತ್ತು.

ಹಂಚುವ ಉಪಾಯ ಹೇಳಿದವಳು ಶೇಕದಾರರ ಮೊಮ್ಮಗಳು. ಅವಳೂ ಅದೇ ಕ್ಲಾಸು. ಎರಡು ಜಡೆ, ಮೂಗಿನ ಮೇಲೆ ಕೋಪ, ತಾತನ ಅಚ್ಚು.

"ನೀರಿನ್ ಪಾಳಿ ಅಂಗೆ ಮಾಡುವಾ ಮೇಡಂ. ಮೇಲ್ಗಡೆಯೋರು ಓದಿ ಮುಗಿಸಿದ್ ಮೇಲೆ ಕೆಳಗಡೆಯೋರಿಗೆ. ಮಧ್ಯ ಯಾರೂ ನುಗ್ಗಂಗಿಲ್ಲ. ಮುಂದಿನ್ ಕತೆ ಯಾರೂ ಬಾಯ್ ಬುಡಂಗಿಲ್ಲ."

ರೈತರ ಮನೆಯ ಮಕ್ಕಳಿಗೆ ಇದನ್ನು ವಿವರಿಸಬೇಕಾಗಲಿಲ್ಲ. ಎಲ್ಲರೂ ಒಪ್ಪಿ ಅವಳನ್ನೇ ನೀರುಗಂಟಿ ಮಾಡಿದರು. ಜೊತೆಗೊಂದು ಷರತ್ತನ್ನೂ ಹಾಕಿದರು: ನೀರುಗಂಟಿಯ ಪಾಳಿ ಎಲ್ಲರಿಗಿಂತ ಕೊನೆಗೆ, ಆಗ ಮೋಸವಾಗುವುದಿಲ್ಲ. ಅವಳ ಮುಖ ಸಣ್ಣಗಾಯಿತು, ಆದರೂ ಒಪ್ಪಿದಳು.

ಅಧ್ಯಾಯಗಳು ಅರಕಲಗೂಡಿನ ಸುತ್ತಮುತ್ತಲೆಲ್ಲ ಓಡಾಡತೊಡಗಿದವು. ಕೆಲವು ರಾಗಿ ಹಿಟ್ಟು ಮೆತ್ತಿಕೊಂಡು ಬಂದವು, ಒಂದು ಹೊಗೆಸೊಪ್ಪಿನ ವಾಸನೆ ಹೊತ್ತು ಬಂತು. ಗೋಲಿ ಆಟ ನಿಂತಿತು ಎಂದರೆ ಸುಳ್ಳು. ಆದರೆ ಗೋಲಿ ಆಡುವಾಗಲೂ ಹರಿಗೋಲಿನ ಮಾತು ಬರುತ್ತಿತ್ತು.

ಅಷ್ಟರಲ್ಲಿ ಶೇಕದಾರರು ಟ್ರಂಕು ನೋಡಲು ಬಂದರು. ಹೆಡ್‌ಮೇಷ್ಟ್ರ ಕುರ್ಚಿಯಲ್ಲಿ ಕೂತು ಮೇಲಿನ ಪುಸ್ತಕ ಎತ್ತಿ ಕೊನೇ ಪುಟ ತೆಗೆದರು.

"ಏನವ್ವಾ ಇದು. ನಾಯಿ ಬಾಲ ಅಲ್ಲಾಡಿಸ್ತು ಅಂತ ಅದೆ. ಇದ್ಯಾವ ನೀತಿ?"

"ನಾಯಿಗೆ ಸಂತೋಷ ಆಯ್ತು ಅಂತ ಸಾರ್."

"ನಾಯಿ ಸಂತೋಷಕ್ಕೆ ಸ್ಕೂಲ್ನೋರು ಯಾಕವ್ವ ಪುಸ್ತಕ ತರಿಸ್ಬೇಕು?"

ಇನ್ನೊಂದು ತೆಗೆದರು. ಅದರ ಕೊನೆಯಲ್ಲಿ ಮಕ್ಕಳೆಲ್ಲ ಹಲಸಿನ ಹಣ್ಣು ತಿನ್ನುತ್ತಿದ್ದರು. ಅದನ್ನೂ ಕೆಳಗಿಟ್ಟರು. "ಎಲ್ಲಾ ಒಂದೇ ಪೈಕಿ. ಶನಿವಾರ ಮೀಟಿಂಗದೆ, ಬರೆದು ಕೊಟ್ಟುಬುಡ್ತೀನಿ. ಸೋಮವಾರದ ಮೊದಲ್ನೇ ಬಸ್ಸಿಗೆ ವಾಪಸ್ ಕಳ್ಸಿ."

ಹೆಡ್‌ಮೇಷ್ಟ್ರು ಗೋಡೆಯ ಮೇಲಿನ ಭೂಪಟ ನೋಡತೊಡಗಿದರು. ನನಗೆ ಪಿತ್ತ ನೆತ್ತಿಗೇರಿತು. ಶೇಕದಾರರು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರಬೇಕು.

"ಆಗಲಿ ಸಾರ್. ಒಂದೇ ಒಂದನ್ನ ಪೂರ್ತಿ ಓದಿಬಿಟ್ಟು ಬೇಡ ಅನ್ನಿ."

"ತತ್ತಾ."

ನಾನು ಟ್ರಂಕಿಗೆ ಕೈ ಹಾಕಲಿಲ್ಲ. ಕ್ಲಾಸಿಗೆ ಹೋಗಿ ಎಲ್ಲರೂ ಓದಿ ಮುಗಿಸಿದ್ದ ಮೊದಲ ಅಧ್ಯಾಯ ತಂದು ಕೊಟ್ಟೆ. ಅಭ್ಯಾಸಬಲದಿಂದ ಅವರ ಹೆಬ್ಬೆರಳು ಕೊನೇ ಪುಟಕ್ಕೆ ಹೋಯಿತು. ಅಲ್ಲಿ ಹೀಗಿತ್ತು: ಹರಿಗೋಲಿನ ತಳದಲ್ಲಿ ನೀರು ಜಿನುಗುತ್ತಿರುವುದನ್ನು ತಮ್ಮ ನೋಡಿದ. ಅಕ್ಕನಿಗೆ ಹೇಳಲಿಲ್ಲ.

ಶೇಕದಾರರು ಪುಟ ತಿರುವಿದರು. ಕ್ಯಾಲೆಂಡರಿನ ರಟ್ಟು ಬಂತು.

"ಮುಂದಕ್ಕೆ?"

"ಮುಂದಿನದೆಲ್ಲ ಬಿಡಿಬಿಡಿಯಾಗಿ ಮಕ್ಕಳ ಹತ್ರ ಇದೆ ಸಾರ್. ಪಾಳಿ ಪ್ರಕಾರ ಬರುತ್ತೆ."

"ಕೊನೇದು ಒಂದು ತರ್ಸು."

"ಅದನ್ನ ನೀರುಗಂಟಿ ಕೇಳಬೇಕು," ಎಂದು ಮೊಮ್ಮಗಳನ್ನು ಕರೆಸಿದೆ. ಅವಳು ಬಾಗಿಲಲ್ಲಿ ನಿಂತು ವಿಷಯ ಪೂರ್ತಿ ಕೇಳಿಸಿಕೊಂಡಳು.

"ನಿನ್ ಪಾಳಿ ನಂದಾದ್ ಮೇಲೆ ತಾತ. ಮೊದ್ಲಿಂದ ಓದ್ಕೊಂಡು ಬಾ. ಎಲ್ರೂ ಅಂಗೇ ಬಂದವ್ರೆ," ಎಂದಳು.

ಹೇಳಿದ್ದು ಪಾಳಿ ಎಂಬ ಮಾತು. ಬೇರೆ ಯಾವ ಮಾತು ಹೇಳಿದ್ದರೂ ಶೇಕದಾರರು ಬೆತ್ತ ಕುಟ್ಟುತ್ತಿದ್ದರು. ಅಧ್ಯಾಯವನ್ನು ಕೋಟಿನ ಒಳಗಿಟ್ಟುಕೊಂಡು ಹೊರಟುಹೋದರು. ಅವರ ಹಿಂದೆ ನಾನು ನಕ್ಕ ನಗುವನ್ನು ಹೆಡ್‌ಮೇಷ್ಟ್ರು ನೋಡಿ, "ನನ್ನ ಮಧ್ಯಕ್ಕೆ ಎಳೀಬೇಡ," ಎಂದು ಇನ್ನೊಮ್ಮೆ ಹೇಳಿದರು.

ಮಾರನೇ ದಿನ ಬೆಳಿಗ್ಗೆ ಪ್ರಾರ್ಥನೆಗೂ ಮುಂಚೆ ಮೊಮ್ಮಗಳು ಮೊದಲ ಅಧ್ಯಾಯ ತಂದುಕೊಟ್ಟಳು. "ಎರಡ್ನೇದು ಕೇಳವ್ರೆ." ಆ ಸಂಜೆಯೇ ಎರಡನೆಯದು ವಾಪಸ್ಸು ಬಂತು. ಮೊದಮೊದಲ ಅಧ್ಯಾಯಗಳನ್ನು ಕ್ಲಾಸಿನವರೆಲ್ಲ ಓದಿ ಮುಗಿಸಿದ್ದರಿಂದ ಅವರಿಗೆ ಅಡ್ಡಿಯೇ ಇರಲಿಲ್ಲ. ರುದ್ರಪಟ್ಟಣದ ಸಂಗೀತ ವಿದ್ವಾಂಸರು ಹಾಡುತ್ತ ಹಾಡುತ್ತ ಎತ್ತರದಲ್ಲಿ ನಿಲ್ಲಿಸಿದರೆ ಕೇಳುವವರಿಗೆ ಆಗುವ ಸಂಕಟವನ್ನು ನಾನು ಒಂದೊಂದು ಅಧ್ಯಾಯದ ಕೊನೆಗೂ ಅವರಿಗೆ ಬಡಿಸುತ್ತಿದ್ದೆ. ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಮೊಮ್ಮಗಳು ವರದಿ ಕೊಡುತ್ತಿದ್ದಳು. ಊಟಕ್ಕೆ ಕರೆದರೆ ಬರಲಿಲ್ಲವಂತೆ. ಆ ತಮ್ಮ ಎಂಬುವನು ಬರೀ ದಡ್ಡ ಎಂದು ಒಬ್ಬರೇ ಬೈದುಕೊಂಡರಂತೆ. ಅವರು ಓದುತ್ತಿದ್ದಾಗ ಅಡಿಗೆಮನೆಯಲ್ಲಿ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲವಂತೆ. ಈ ಕೊನೆಯದನ್ನು ಕೇಳಿ ನಾನು ಧನ್ಯಳಾದೆ.

ಕೊನೆಕೊನೆಯ ಅಧ್ಯಾಯಗಳಿಗೆ ಬರುವಾಗ ಗಾಡಿ ನಿಂತಿತು. ಮೊಮ್ಮಗಳಿಗಿಂತ ಒಂದು ಪಾಳಿ ಮೊದಲಿನ ಹುಡುಗ ಅಕ್ಕನ ಮದುವೆಗೆಂದು ಅಧ್ಯಾಯದ ಸಮೇತ ಹಳ್ಳಿಯಲ್ಲೇ ಉಳಿದುಬಿಟ್ಟ. ಶೇಕದಾರರು ಒಂದು ದಿನ ತಡೆದರು. ಆಮೇಲೆ ಬೆತ್ತ ಹಿಡಿದು ಆ ಹಳ್ಳಿಗೇ ನಡೆದರು.

ಹುಡುಗ ಬಂದು ಹೇಳಿದ: "ಕೆರೆ ಏರಿ ನೋಡಕ್ ಬಂದೆ ಅಂದ್ರು ಮೇಡಂ. ಏರಿ ಕಡೆ ಓಗ್ಲೇ ಇಲ್ಲ. ಚಪ್ಪರದ ಕೆಳಗೆ ನನ್ನ ಕೂರಿಸ್ಕೊಂಡು, ಬಿರ್‍ರನೆ ಓದ್ಲಾ, ಬಿರ್‍ರನೆ ಓದ್ಲಾ ಅಂತಿದ್ರು."

"ಕಿತ್ಕೊಂಡ್ರಾ?"

"ಇಲ್ಲ ಮೇಡಂ. ಮುಟ್ಲೂ ಇಲ್ಲ. ನಾನು ಮುಗಿಸಿದ್ಮೇಲೆ ಮೊಮ್ಮಗಳಿಗೆ ಕೊಡ್ತೀನಿ ಅಂತ ತಗಂಡೋದ್ರು."

ಶನಿವಾರ ಅರ್ಧ ದಿನದ ಸ್ಕೂಲು. ಮೀಟಿಂಗಿಗೆ ಹೆಡ್‌ಮೇಷ್ಟ್ರ ರೂಮಿನಲ್ಲಿ ನಾವು ಮೂವರೇ. ಟ್ರಂಕು ಮೂಲೆಯಲ್ಲಿತ್ತು. ಕಿಟಕಿಯಾಚೆ ಆರನೇ ಕ್ಲಾಸಿನ ಅರ್ಧ ಮಕ್ಕಳು ಸುಮ್ಮನೆ ಮಣ್ಣಿನಲ್ಲಿ ಗೆರೆ ಎಳೆಯುತ್ತ ಕೂತಿದ್ದರು. ಟ್ರಂಕು ಉಳಿಯುತ್ತದೋ ಹೋಗುತ್ತದೋ ಎಂಬುದು ಅವರಿಗೂ ಗೊತ್ತಾಗಬೇಕಿತ್ತು. ಕೊನೇ ಅಧ್ಯಾಯವೊಂದನ್ನು ಬಿಟ್ಟು ಮಿಕ್ಕದ್ದೆಲ್ಲವನ್ನೂ ಶೇಕದಾರರು ಓದಿದ್ದರು. ದೀಪ ಹಚ್ಚುವವರು ಯಾರು ಎಂಬುದು ಇನ್ನೂ ತಿಳಿದಿರಲಿಲ್ಲ.

"ಕೊನೇ ಪುಟ ನೋಡ್ದೆ ನಾನು ಯಾವ್ದುಕ್ಕೂ ರುಜು ಹಾಕಿದೋನಲ್ಲ. ತರ್ಸವ್ವ," ಎಂದರು.

"ಅದು ಇವತ್ತು ಬೆಳಿಗ್ಗೆ ತಾನೇ ನೀರುಗಂಟಿ ಕೈಗೆ ಬಂದಿದೆ ಸಾರ್. ಅವಳು ಇನ್ನೂ ಓದಿಲ್ಲ."

"ನಾಳೆ ಓದ್ಕತಾಳೆ. ತರ್ಸು."

ಗೆಲುವು ಕೈಗೆ ಸಿಕ್ಕಿತೆಂದು ನನಗೆ ಎಲ್ಲಿಲ್ಲದ ಹುಮ್ಮಸ್ಸು. "ಚನ್ನರಾಯಪಟ್ಟಣದಲ್ಲಿ ಪಾಳಿ ಮುರಿದವರಿಗೆ ತಾವು ಏನು ಮಾಡ್ತಿದ್ರಿ ಸಾರ್?" ಎಂದು ಕೇಳಿಯೇಬಿಟ್ಟೆ. ಹೆಡ್‌ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

ಬೆತ್ತ ಕುಟ್ಟುತ್ತಾರೆ ಎಂದುಕೊಂಡಿದ್ದೆ. ಅವರು ರುಮಾಲು ತೆಗೆದು ಮೇಜಿನ ಮೇಲಿಟ್ಟರು.

"ನೀತಿ ಹುಡುಕಕ್ಕೆ ಕೊನೇ ಪುಟ ನೋಡ್ತೀನಿ ಅಂದ್ಕೊಂಡಿದ್ದೀಯಾ? ಅದು ಜನಕ್ಕೆ ಹೇಳಕ್ಕೆ ಕಣವ್ವ," ಎಂದರು. ಧ್ವನಿಯಲ್ಲಿ ಕೋಪವಿರಲಿಲ್ಲ. "ನನ್ ಮೊಮ್ಮಗಳಷ್ಟು ಇದ್ದಾಗ ಹೊಳೆನರಸೀಪುರದಲ್ಲಿ ನಮ್ಮ ಸೋದರಮಾವನ ಮನೇಲಿ ಓದಕ್ಕಿದ್ದೆ. ಯಾರೋ ಒಂದು ಕತೆ ಪುಸ್ತಕ ಕೊಟ್ರು. ಅದ್ರಲ್ಲಿ ಒಂದು ಆನೆ ಕಳ್ದೋಗಿತ್ತು. ಅರ್ಧ ಓದಿದ್ದೆ. ನಮ್ಮಪ್ಪ ನೋಡಕ್ಕೆ ಅಂತ ಬಂದೋರು ಕೈಯಿಂದ ಕಿತ್ಕೊಂಡು ನೀರೊಲೆಗೆ ಹಾಕ್ಬುಟ್ರು. ಸುಳ್ಳು ಕತೆ ಓದ್ತಾನೆ ಅಂತ. ಆ ಆನೆ ಸಿಕ್ತೋ ಇಲ್ವೋ, ಇವತ್ತಿಗೂ ನಂಗೊತ್ತಿಲ್ಲ."

ಮೇಜಿನ ಮೇಲಿದ್ದ ರುಮಾಲನ್ನು ತಿರುಗಿಸಿಟ್ಟು, "ಅವತ್ನಿಂದ ಯಾವ ಪುಸ್ತಕ ಕೈಗೆ ಬಂದ್ರೂ ಕೊನೇದು ಮೊದ್ಲು ನೋಡ್ಕಂಬುಡ್ತೀನಿ. ಆಮೇಲೆ ಯಾರು ಕಿತ್ಕೊಂಡ್ರೆ ಏನಾಯ್ತು," ಎಂದರು.

ಯಾವುದೋ ಕಾಲದ ಆ ಆನೆಯನ್ನು ನೆನೆದು ನನಗೆ ಅಳು ಬಂತು. ಮೂಗು ಒರೆಸಿಕೊಳ್ಳುವ ನೆಪದಲ್ಲಿ ಸೆರಗಿನಿಂದ ಕಣ್ಣನ್ನೂ ಒರೆಸಿಕೊಂಡೆ.

ಬಾಗಿಲ ಹತ್ತಿರ ಸದ್ದಾಯಿತು. ಮೊಮ್ಮಗಳು ಎಷ್ಟು ಹೊತ್ತಿನಿಂದ ಅಲ್ಲಿ ನಿಂತು ಕೇಳಿಸಿಕೊಂಡಿದ್ದಳೋ. ಬ್ಯಾಗಿನಿಂದ ಕೊನೇ ಅಧ್ಯಾಯ ತೆಗೆದು ಮೇಜಿನ ಮೇಲಿಟ್ಟಳು.

"ತಗೋ ತಾತ. ನೀನೇ ಮೊದ್ಲು ಓದು."

"ನೀನು ಓದಿದ್ಯಾ?"

"ಇಲ್ಲ. ಪರವಾಗಿಲ್ಲ."

ಪರವಾಗಿಲ್ಲ ಎಂದರೂ ಅವಳ ಕಣ್ಣು ಅಧ್ಯಾಯದ ಮೇಲೇ ಇತ್ತು. ಇಷ್ಟು ದಿನ ಎಲ್ಲರಿಗೂ ಅಧ್ಯಾಯ ಹಂಚಿ, ಎಲ್ಲರ ಹಿಂದೆ ಕಾದವಳು ಅವಳು. ಶೇಕದಾರರು ಅಧ್ಯಾಯ ಕೈಗೆತ್ತಿಕೊಂಡರು. ಹೆಬ್ಬೆರಳು ತಾನಾಗಿ ಕೊನೇ ಪುಟದ ಅಂಚಿಗೆ ಹೋಯಿತು. ಅಲ್ಲಿಗೆ ನಿಂತಿತು. ತೆರೆಯದೆ, ಹಾಗೇ ಅವಳ ಕೈಗೆ ವಾಪಸ್ಸು ಇಟ್ಟರು.

"ನಿನ್ ಕೈಯಿಂದ ಇಸ್ಕಂಡು ನಾನು ಓದ್ಲಾ? ಓಗು. ಓದ್ಕ. ನಾನು ಕಾಯ್ತೀನಿ."

ಆಮೇಲೆ ಹೆಡ್‌ಮೇಷ್ಟ್ರ ಕಡೆ ತಿರುಗಿ ಪೆನ್ನು ಕೇಳಿ, ಟ್ರಂಕಿನ ಪುಸ್ತಕವೆಲ್ಲ ಸ್ಕೂಲಿಗೆ ಇರಲಿ ಎಂದು ಬರೆದು ರುಜು ಹಾಕಿದರು. ಕೊನೇ ಪುಟ ನೋಡದೆ ಅವರು ಹಾಕಿದ ಮೊದಲ ರುಜು ಅದು. ಹೆಡ್‌ಮೇಷ್ಟ್ರು ಕಣ್ಣು ಬಿಟ್ಟರು. ಕಿಟಕಿಯಾಚೆಯ ಮಕ್ಕಳು ಯಾರ ಅಪ್ಪಣೆಗೂ ಕಾಯದೆ ಒಳಗೆ ನುಗ್ಗಿ ಟ್ರಂಕನ್ನು ಎಳೆದುಕೊಂಡು ಹೋದರು.

ಮಕ್ಕಳೆಲ್ಲ ಮನೆಗೆ ಹೋದರು. ಮೊಮ್ಮಗಳು ಕ್ಲಾಸಿನಲ್ಲಿ ಒಬ್ಬಳೇ ಕೂತು ಓದುತ್ತಿದ್ದಳು. ತಾತ ಹೊರಗಿನ ಜಗಲಿಯ ಮೇಲೆ ಬೆತ್ತ ಊರಿಕೊಂಡು ಕೂತಿದ್ದರು.

"ಆಯ್ತೇನವ್ವಾ?"

"ಇನ್ನೂ ಅದೆ ತಾತ."

ನಾನು ಬಾಗಿಲಿಂದ ಇಣುಕಿದೆ. ಅವಳು ಓದಿ ಮುಗಿಸಿ, ತಿರುಗಿ ಮೊದಲಿಂದ ಓದುತ್ತಿದ್ದಳು. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು. ನಾನೂ ಬಾಯಿ ಬಿಡಲಿಲ್ಲ.

ಇನ್ನೆರಡು ಸಲ "ಆಯ್ತೇನವ್ವಾ" ಆದ ಮೇಲೆ ಅವಳು ಹೊರಗೆ ಬಂದು ತಾತನ ಪಕ್ಕದಲ್ಲಿ ಕೂತಳು. ಅಧ್ಯಾಯವನ್ನು ಅವರ ತೊಡೆಯ ಮೇಲೆ ಬಿಡಿಸಿಟ್ಟಳು. ಕೊನೇ ಹಾಳೆಯನ್ನು ಮಾತ್ರ ತನ್ನ ಅಂಗೈಯಿಂದ ಅದುಮಿ ಹಿಡಿದಳು. "ಅಲ್ಲಿಗಂಟ ಬಾ," ಎಂದಳು. ತಾತ ಕನ್ನಡಕ ಸರಿಮಾಡಿಕೊಂಡು ಮೊದಲ ಸಾಲಿನಿಂದ ಓದಲು ಶುರುಮಾಡಿದರು. ಬಿಸಿಲು ಜಗಲಿ ದಾಟಿ ಗೋಡೆಗೆ ಬಂದರೂ ಅವಳು ಕೈ ತೆಗೆಯಲಿಲ್ಲ, ಕದಲಲೂ ಇಲ್ಲ. ಅವರು ಆ ಹಾಳೆಗೆ ಬಂದಾಗ ತೆಗೆದಳು.